ಓದುಗರ ಪ್ರಶ್ನೆಗಳಿಗೆ ಉತ್ತರ: ನಲ್ಲಿ ಹಾಕಿದ ಮೇಲೆ ನೀರಿಗೆ ಹೊಣೆ ಯಾರು?

ಪ್ರಶ್ನೆ: ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಹಸಿವು, ಆರೋಗ್ಯ, ಕುಡಿಯುವ ನೀರಿನ ಜೊತೆಗೆ ‘ಪರಿಣಾಮಕಾರಿ ಮತ್ತು ಉತ್ತರದಾಯಿ ಸಂಸ್ಥೆಗಳು’ ಎಂಬುದೂ ಸೇರಿದೆ ಎಂದು ಮಗಳ ಪಠ್ಯದಲ್ಲಿ ಓದಿದೆ. ನಮ್ಮೂರಿನಲ್ಲಿ ಮನೆಮನೆಗೂ ನಲ್ಲಿ ಹಾಕಿದ್ದಾರೆ, ಆದರೆ ಬೇಸಿಗೆ ಬಂದರೆ ನೀರಿಲ್ಲ. ನಮಗೆ ಬೇಕಿರುವುದು ನೀರು. ಸಂಸ್ಥೆಗಳ ಮಾತು ಇಲ್ಲಿ ಏಕೆ ಬರಬೇಕು?
– ಓದುಗರೊಬ್ಬರು, ಕಡೂರು ತಾಲ್ಲೂಕು

ಉತ್ತರ: 2015ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರಗಳು ಒಪ್ಪಿಕೊಂಡ 17 ಗುರಿಗಳಲ್ಲಿ ನೀರಿನದು 6ನೆಯದು, ನ್ಯಾಯ ಮತ್ತು ಸಂಸ್ಥೆಗಳದು 16ನೆಯದು. ಪಟ್ಟಿಯಲ್ಲಿ ಇವು ದೂರ ದೂರ ಇದ್ದರೂ ನಿಮ್ಮ ಊರಿನ ನಲ್ಲಿಯ ವಿಷಯದಲ್ಲಿ ಒಂದನ್ನು ಬಿಟ್ಟು ಇನ್ನೊಂದಿಲ್ಲ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ್ ಮಿಷನ್, ಗ್ರಾಮೀಣ ಮನೆಗಳಲ್ಲಿ ಒಬ್ಬೊಬ್ಬರಿಗೆ ದಿನಕ್ಕೆ 55 ಲೀಟರ್‌ನಂತೆ ನೀರು ಕೊಡುವ ಅಳತೆಯನ್ನು ಇಟ್ಟುಕೊಂಡಿತು. ಪೈಪು ಹೂಳುವುದು ಮತ್ತು ನಲ್ಲಿ ಕೂರಿಸುವುದು ಗುತ್ತಿಗೆದಾರರ ಕೆಲಸ, ಬಿಲ್ ಪಾಸಾದ ದಿನಕ್ಕೆ ಅದು ಮುಗಿಯುತ್ತದೆ. ಆ ಪೈಪಿನಲ್ಲಿ ಹತ್ತು ವರ್ಷದ ನಂತರವೂ ನೀರು ಹರಿಯುವಂತೆ ನೋಡಿಕೊಳ್ಳುವ ಕೆಲಸವನ್ನು ಯೋಜನೆಯ ಮಾರ್ಗಸೂಚಿ ಗ್ರಾಮ ಪಂಚಾಯಿತಿಗೂ, ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಗೂ ವಹಿಸಿದೆ. ಆ ಸಮಿತಿಯಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂದೂ ಅದು ಹೇಳುತ್ತದೆ, ಏಕೆಂದರೆ ನೀರು ನಿಂತ ದಿನ ಕೊಡ ಹಿಡಿದು ನಡೆಯುವವರು ಅವರು.

ನಿಮ್ಮ ಊರಿನಲ್ಲಿ ಈ ಸಮಿತಿ ಇದೆಯೇ, ಇದ್ದರೆ ಕಡೆಯ ಬಾರಿ ಯಾವಾಗ ಸೇರಿತ್ತು ಎಂಬುದನ್ನು ಮೊದಲು ತಿಳಿದುಕೊಳ್ಳಿ. ನಂತರ ಗ್ರಾಮ ಸಭೆಯಲ್ಲಿ ನೀರಿನ ಪುಸ್ತಕವನ್ನು ತೋರಿಸುವಂತೆ ಕೇಳಿ. ಕೊಳವೆಬಾವಿ ಎಷ್ಟು ಅಡಿ ಆಳದ್ದು, ಯಾವ ತಿಂಗಳಲ್ಲಿ ನೀರು ಎಷ್ಟು ಅಡಿಗೆ ಇಳಿದಿತ್ತು, ಮೋಟಾರು ದಿನಕ್ಕೆ ಎಷ್ಟು ಗಂಟೆ ಓಡಿತು, ಯಾವತ್ತು ಸುಟ್ಟಿತು, ರಿವೈಂಡಿಂಗ್‌ಗೆ ಎಷ್ಟು ಕೊಟ್ಟರು, ಕರೆಂಟ್ ಬಿಲ್ ಎಷ್ಟು ಬಾಕಿಯಿದೆ, ನೀರಿನ ಕರ ಎಷ್ಟು ಮನೆಗಳಿಂದ ಬಂತು ಎಂಬ ಏಳೆಂಟು ಅಂಕಣಗಳ ಸಾಧಾರಣ ಪುಸ್ತಕ ಅದು. ಅದನ್ನು ನಿಯತ್ತಾಗಿ ಬರೆಯುವ ಊರಿನಲ್ಲಿ ಏಪ್ರಿಲ್ ತಿಂಗಳ ಕೊರತೆಯ ಸುಳಿವು ಜನವರಿಯಲ್ಲೇ ಸಿಗುತ್ತದೆ. ತೋಟಕ್ಕೆ ಎಷ್ಟು, ಕುಡಿಯಲು ಎಷ್ಟು ಎಂದು ಊರವರು ಕೂತು ಮಾತನಾಡಲು, ಕೆರೆಯ ಹೂಳೆತ್ತಲು, ಇಂಗುಗುಂಡಿ ತೋಡಲು ಸಮಯವಿರುತ್ತದೆ. ಬರೆಯದ ಊರಿನಲ್ಲಿ ಪ್ರತಿ ಬೇಸಿಗೆಯೂ ದಿಢೀರನೆ ಬಂದೆರಗುವ ಸಂಕಟವಾಗಿ, ಟ್ಯಾಂಕರ್ ಬಾಡಿಗೆಗೂ ಇನ್ನೊಂದು ಬೋರ್‌ವೆಲ್‌ಗೂ ಹಣ ಸುರಿಯಬೇಕಾಗುತ್ತದೆ. ಆ ಹೊಸ ಬೋರ್‌ವೆಲ್ ಪಕ್ಕದ ಹಳೆಯದನ್ನು ಬತ್ತಿಸಲೂಬಹುದು.

ಹಣವೇ ಇಲ್ಲ ಎಂಬ ಮಾತನ್ನು ಪೂರ್ತಿ ಒಪ್ಪಲಾಗದು. 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ಪಂಚಾಯಿತಿಗಳಿಗೆ ಶಿಫಾರಸು ಮಾಡಿದ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು, ಮಳೆನೀರು ಸಂಗ್ರಹ ಮತ್ತು ನೈರ್ಮಲ್ಯಕ್ಕೇ ಮೀಸಲಿಟ್ಟಿತ್ತು. ಆ ಹಣ ನಿಮ್ಮ ಊರಿನಲ್ಲಿ ಯಾವ ಕಾಮಗಾರಿಗೆ ಹೋಯಿತು ಎಂದು ಕೇಳುವ ಹಕ್ಕು ನಿಮಗಿದೆ, ಹೇಳುವ ಹೊಣೆ ಪಂಚಾಯಿತಿಗಿದೆ.

ಈ ಹೊಣೆಗಾರಿಕೆ ಹೊರಗಿನಿಂದ ಬಂದ ವಿಚಾರವೆಂದು ತಿಳಿಯಬೇಡಿ. ಸಖರಾಯಪಟ್ಟಣದ ಬಳಿಯ ಅಯ್ಯನಕೆರೆ ಹೊಯ್ಸಳರ ಕಾಲದಲ್ಲಿ ದುರಸ್ತಿ ಕಂಡ ಕೆರೆ, ಇಂದಿಗೂ ಗದ್ದೆ ತೋಟಗಳಿಗೆ ನೀರುಣಿಸುತ್ತಿದೆ. ಇಂಥ ಕೆರೆಗಳು ಶತಮಾನಗಳ ಕಾಲ ಬಾಳಿದ್ದು ಏರಿಯ ಗಟ್ಟಿತನವೊಂದರಿಂದಲೇ ಅಲ್ಲ. ತೂಬು ತೆಗೆಯಲು ನೀರುಗಂಟಿ ಇದ್ದ. ಅವನಿಗೆ ಸುಗ್ಗಿಯಲ್ಲಿ ಕಣದಿಂದ ಪಾಲು ಸಿಗುತ್ತಿತ್ತು. ನೀರು ತಪ್ಪಿದರೆ ಕಣದಲ್ಲೇ ಅವನನ್ನು ಕೇಳುವವರಿದ್ದರು. ಹಳೆಯದೆಲ್ಲ ಒಳ್ಳೆಯದಿತ್ತು ಎಂಬ ವಾದ ನನ್ನದಲ್ಲ. ಆ ವ್ಯವಸ್ಥೆ ಜಾತಿಯ ಏಣಿಯ ಮೇಲೆ ನಿಂತಿತ್ತು, ಕೇಳುವ ಧೈರ್ಯ ಎಲ್ಲರಿಗೂ ಇರಲಿಲ್ಲ. ಗ್ರಾಮ ಸಭೆ ಅದಕ್ಕಿಂತ ಮೇಲಾಗಿರುವುದು ಅಲ್ಲಿ ಕಡೆಯ ಮನೆಯ ಹೆಣ್ಣುಮಗಳಿಗೂ ಕೇಳುವ ಹಕ್ಕನ್ನು ಕಾನೂನು ಕೊಟ್ಟಿರುವುದರಿಂದ.

ಪ್ರಶ್ನೆ: ಕುದುರೆಮುಖದ ಗಣಿ ನಿಂತ ಮೇಲೆ ನಮ್ಮ ಭಾಗದ ದುಡಿಮೆ, ವ್ಯಾಪಾರ ಎರಡೂ ಕುಸಿದವು ಎಂದು ಹಿರಿಯರು ಹೇಳುತ್ತಾರೆ. ಸಂಸ್ಥೆಗಳು ಬಲವಾದಷ್ಟೂ ಅಭಿವೃದ್ಧಿಗೆ ಅಡ್ಡಿಯಾಗುವುದಿಲ್ಲವೇ?
– ಓದುಗರೊಬ್ಬರು, ಕಳಸ

ಉತ್ತರ: ನಿಮ್ಮ ಹಿರಿಯರ ನೋವು ನಿಜವಾದದ್ದು, ಅದನ್ನು ತಳ್ಳಿಹಾಕಿ ಈ ಪ್ರಶ್ನೆಗೆ ಉತ್ತರ ಹೇಳಬಾರದು. ಆದರೆ ನಡೆದದ್ದನ್ನು ಕ್ರಮವಾಗಿ ನೋಡಬೇಕು. ಕುದುರೆಮುಖ ಕಬ್ಬಿಣದ ಅದಿರು ಕಂಪನಿ 1976ರಲ್ಲಿ ಸ್ಥಾಪನೆಯಾಯಿತು. ಗಣಿಯ ಗುತ್ತಿಗೆ 1999ರಲ್ಲಿ ಮುಗಿದರೂ ತಾತ್ಕಾಲಿಕ ಅನುಮತಿಗಳ ಮೇಲೆ ಕೆಲಸ ಮುಂದುವರಿಯಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ, 2002ರ ಅಕ್ಟೋಬರ್‌ನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಇರುವುದು ಇದೇ ಬೆಟ್ಟಸಾಲಿನಲ್ಲಿ. ಮಲೆನಾಡಿನ ಮುಂಗಾರಿಗೆ ಸಡಿಲಗೊಂಡ ಮಣ್ಣು ಎಲ್ಲಿಗೆ ಹೋಗುತ್ತದೆ ಎಂಬುದನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ; ಭದ್ರೆಗೆ ಹೂಳು ಸೇರುವುದೇ ಆ ವಿವಾದದ ಮುಖ್ಯ ವಿಷಯಗಳಲ್ಲಿ ಒಂದಾಗಿತ್ತು.

ಲಕ್ಕವಳ್ಳಿಯ ಜಲಾಶಯದ ಕೆಳಗೆ ಭದ್ರೆಯನ್ನೇ ನಂಬಿ ಭತ್ತ ಬೆಳೆಯುವ ಶಿವಮೊಗ್ಗ, ದಾವಣಗೆರೆಯ ರೈತರಿಗೆ ಗಣಿಯ ಸಂಬಳದಲ್ಲಿ ಪಾಲಿರಲಿಲ್ಲ, ಹೂಳಿನಲ್ಲಿ ಪಾಲಿತ್ತು. ಮೇಲಿನ ಊರಿನ ಪಂಚಾಯಿತಿಯಲ್ಲಿ ಅವರು ಮತದಾರರಲ್ಲ. ನಾಳೆ ಹುಟ್ಟುವ ಮಕ್ಕಳಂತೂ ಯಾವ ಪಂಚಾಯಿತಿಯಲ್ಲೂ ಮತದಾರರಲ್ಲ. ಇವರ ಪರವಾಗಿ ಕೇಳುವ ಕೆಲಸವನ್ನು ಕಂಪನಿಯಾಗಲಿ, ಒಂದು ಊರಾಗಲಿ ಮಾಡಲಾರದು. ಕಾನೂನು, ನ್ಯಾಯಾಲಯ, ಅರಣ್ಯ ಇಲಾಖೆಯಂಥ ಸಂಸ್ಥೆಗಳೇ ಮಾಡಬೇಕು.

ಇದರ ಇನ್ನೊಂದು ಮುಖವನ್ನೂ ಹೇಳುತ್ತೇನೆ. ಗಣಿಯ ಗುತ್ತಿಗೆ 1999ಕ್ಕೆ ಮುಗಿಯುತ್ತದೆ ಎಂಬುದು ಗುತ್ತಿಗೆ ಬರೆದ ದಿನದಿಂದಲೇ ಕಾಗದದ ಮೇಲಿತ್ತು. ಆ ದಿನದ ನಂತರ ಈ ಜನ ಏನು ಮಾಡಿ ಬದುಕಬೇಕು ಎಂಬ ಯೋಜನೆಯನ್ನು ವರ್ಷಗಳ ಮುಂಚೆಯೇ ಸಿದ್ಧಪಡಿಸುವುದೂ ಸಂಸ್ಥೆಗಳ ಹೊಣೆಯೇ. ಬೆಟ್ಟವನ್ನು ಉಳಿಸಲು ತೋರಿದ ಕಾಳಜಿಯಷ್ಟನ್ನೇ ದುಡಿಯುವವರ ಬಗ್ಗೆಯೂ ತೋರಬೇಕು. ಇಲ್ಲವಾದರೆ ಸಂರಕ್ಷಣೆ ಎಂಬ ಮಾತನ್ನೇ ಜನ ಅನುಮಾನದಿಂದ ನೋಡತೊಡಗುತ್ತಾರೆ, ನಿಮ್ಮ ಪ್ರಶ್ನೆಯಲ್ಲಿ ಅದೇ ಕೇಳಿಸುತ್ತಿದೆ. ಇಲ್ಲಿ ನಮಗೆ ಸಾಲದೇ ಹೋದದ್ದು ಸಂಸ್ಥೆಯ ಮುಂದಾಲೋಚನೆ ಎಂದು ನಾನು ತಿಳಿಯುತ್ತೇನೆ.

ಪ್ರಶ್ನೆ: ಒಬ್ಬ ದಕ್ಷ, ಪ್ರಾಮಾಣಿಕ ಅಧಿಕಾರಿ ಬಂದರೆ ಎಲ್ಲ ಸರಿಹೋಗುವುದಿಲ್ಲವೇ?
– ಓದುಗರೊಬ್ಬರು, ಅರಸೀಕೆರೆ

ಉತ್ತರ: ಅವರು ಇರುವಷ್ಟು ದಿನ ಸರಿಹೋಗಬಹುದು. ವರ್ಗಾವಣೆಯಾದ ಮೇಲೂ ಉಳಿಯುವುದು ಅವರು ಕಟ್ಟಿದ ಕ್ರಮ ಮಾತ್ರ. ಕೈಬರಹದ ಪಹಣಿಗೆ ಗ್ರಾಮ ಲೆಕ್ಕಿಗರ ಮನೆ ಬಾಗಿಲು ಕಾಯುತ್ತಿದ್ದ ಕಾಲವನ್ನು ಐವತ್ತು ದಾಟಿದವರು ಮರೆತಿರಲಾರರು. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯಡಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಸೇರಿದ ಮೇಲೆ, ಕೌಂಟರಿನಲ್ಲಿ ಯಾರೇ ಕೂತಿದ್ದರೂ ಶುಲ್ಕ ಕಟ್ಟಿದವರಿಗೆ ಪಹಣಿ ಸಿಗುವಂತಾಯಿತು. ಹೀಗೆ ಕ್ರಮ ಕಟ್ಟುವ ಕೆಲಸಕ್ಕೆ ಚುನಾಯಿತ ಪ್ರತಿನಿಧಿಗಳ ಕಣ್ಗಾವಲೂ ಬೇಕು. 2016ರಲ್ಲಿ ಆಯ್ಕೆಯಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದರೂ ವರ್ಷಗಟ್ಟಲೆ ಚುನಾವಣೆ ನಡೆಯದೆ ಅಧಿಕಾರಿಗಳೇ ಆಡಳಿತ ನಡೆಸಿದ್ದು, ಐದು ವರ್ಷಕ್ಕೊಮ್ಮೆ ಚುನಾವಣೆ ಆಗಲೇಬೇಕೆಂದು ಸಂವಿಧಾನ ಹೇಳುವ ನಾಡಿನಲ್ಲಿ, ಬಹಳ ದೊಡ್ಡ ಲೋಪ. ಎಷ್ಟು ದಕ್ಷ ಅಧಿಕಾರಿ ಬಂದರೂ ಆ ಲೋಪ ತುಂಬುವುದಿಲ್ಲ.

ಪ್ರಶ್ನೆ: ಅನುಮತಿಯಿಲ್ಲದೆ ಸಾಗುವಳಿ ಮಾಡಿಕೊಂಡು ಬಂದ ಸರ್ಕಾರಿ ಜಮೀನನ್ನು ಸಕ್ರಮ ಮಾಡಿಕೊಡಿ ಎಂದು ಬಗರ್ ಹುಕುಂ ಅಡಿ ಫಾರಂ 57ರಲ್ಲಿ ಅರ್ಜಿ ಕೊಟ್ಟು ವರ್ಷಗಳೇ ಕಳೆದಿವೆ. ಕಚೇರಿಗೆ ಹೋದಾಗಲೆಲ್ಲ ‘ಕಮಿಟಿಗೆ ಇಡುತ್ತೇವೆ’ ಎನ್ನುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ಸಕಲೇಶಪುರ ತಾಲ್ಲೂಕು

ಉತ್ತರ: ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ಬಾಯಿಮಾತಿನ ಉತ್ತರವೇ ಸಿಗುತ್ತದೆ. ಆದ್ದರಿಂದ ಬರೆದು ಕೇಳಿ. ನಿಮ್ಮ ಅರ್ಜಿಯ ಸ್ವೀಕೃತಿ ರಸೀದಿಯನ್ನು ಹುಡುಕಿಟ್ಟುಕೊಂಡು, 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿಯ ಪೋಸ್ಟಲ್ ಆರ್ಡರ್ ಜೊತೆ ತಾಲ್ಲೂಕು ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಹಾಕಿ. ಬಿಪಿಎಲ್ ಕುಟುಂಬದವರಿಗೆ ಈ ಶುಲ್ಕವಿಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, ಅದು 150 ಪದ ಮೀರಬಾರದು. ‘ನನ್ನ ಅರ್ಜಿ ಏಕೆ ಆಗಿಲ್ಲ’ ಎಂದು ಬರೆದರೆ ಜಾರಿಕೊಳ್ಳುವ ಉತ್ತರ ಬರುತ್ತದೆ. ಅದರ ಬದಲು ದಾಖಲೆಯನ್ನೇ ಕೇಳಿ: ನಿಮ್ಮ ಅರ್ಜಿಯ ಕಡತದ ಪ್ರತಿ, ಸ್ಥಳ ಪರಿಶೀಲನೆಯ ವರದಿ, ಅರ್ಜಿ ಸಲ್ಲಿಸಿದ ನಂತರ ನಡೆದ ಬಗರ್ ಹುಕುಂ ಸಮಿತಿ ಸಭೆಗಳ ನಡಾವಳಿ. ಈ ಸಮಿತಿಗೆ ಶಾಸಕರೇ ಅಧ್ಯಕ್ಷರಾಗಿರುವುದರಿಂದ ನಡಾವಳಿ ಬಹಿರಂಗವಾಗುವುದು ಇನ್ನಷ್ಟು ಅಗತ್ಯ. ಯಾರ ಅರ್ಜಿ ಯಾವ ಕಾರಣಕ್ಕೆ ಮುಂದೆ ಹೋಯಿತು, ಯಾರದು ಹಿಂದೆ ಉಳಿಯಿತು ಎಂಬುದು ಅದರಲ್ಲೇ ತಿಳಿಯುತ್ತದೆ.

ನಿಮ್ಮ ಹಕ್ಕುಪತ್ರದ ಪ್ರಶ್ನೆ ನಿಮ್ಮೊಬ್ಬರದಲ್ಲ. ಜಮೀನು ತನ್ನದಾಗುತ್ತದೋ ಇಲ್ಲವೋ ಎಂದು ತಿಳಿಯದ ಬೆಳೆಗಾರ, ಮೂವತ್ತು ವರ್ಷ ನಿಂತು ಕಾಫಿಗೆ ನೆರಳು ಕೊಡುವ ಮರವನ್ನು ಯಾವ ಧೈರ್ಯದ ಮೇಲೆ ನೆಡಬೇಕು? ಬ್ಯಾಂಕಿನ ಸಾಲವೂ ಅವನಿಗೆ ದೂರ. ಅತ್ತ ಕಾಡಿನ ಗಡಿಯೂ ನಿಷ್ಕರ್ಷೆಯಾಗದೆ ಉಳಿಯುತ್ತದೆ. ಆನೆ ತೋಟಕ್ಕೆ ಇಳಿಯುವ ನಿಮ್ಮ ತಾಲ್ಲೂಕಿನಲ್ಲಿ ಆ ಗಡಿ ಎಲ್ಲಿ ಎಂಬುದು ಜೀವದ ಪ್ರಶ್ನೆ.

30 ದಿನದೊಳಗೆ ಉತ್ತರ ಬರಬೇಕು. ಬಾರದಿದ್ದರೆ, ಬಂದದ್ದು ಅರೆಬರೆಯಾಗಿದ್ದರೆ, ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಸಲ್ಲಿಸಿ. ಅಲ್ಲಿಯೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಹೋಗಬಹುದು. ಸಕಾರಣವಿಲ್ಲದೆ ಮಾಹಿತಿ ತಡೆದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ. ನಿಮ್ಮ ಊರಿನಲ್ಲಿ ಇದೇ ಫಾರಂ ಕೊಟ್ಟು ಕಾಯುತ್ತಿರುವವರು ಇನ್ನೂ ಕೆಲವರಾದರೂ ಇರುತ್ತಾರೆ. ಅವರೂ ತಮ್ಮ ತಮ್ಮ ಹೆಸರಿನಲ್ಲಿ ಬೇರೆ ಬೇರೆ ಅರ್ಜಿ ಹಾಕಲಿ, ನಡಾವಳಿಯ ಪ್ರತಿ ಕೈಗೆ ಬಂದ ಮೇಲೆ ಎಲ್ಲರೂ ಒಟ್ಟಿಗೆ ಕೂತು ಓದಿ.