ಕನ್ನಡಕ ಹಾಕಿದರೆ ನಂಬರ್ ಏರುತ್ತದೆಯೇ?

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಕನ್ನಡಕದ ಮೇಲಿನ ದೂರುಗಳೇ. ಪಾಪ, ಕಣ್ಣು ಮಾಡುವ ತಪ್ಪಿಗೆಲ್ಲ ಬೈಗುಳ ತಿನ್ನುವುದು ಅದೇ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಪ್ರಶ್ನೆ: ಡಾಕ್ಟ್ರೇ, ನನ್ನ ಮಗಳಿಗೆ 9 ವರ್ಷ. ಎರಡೂ ಕಣ್ಣಿಗೆ ಮೈನಸ್ ಒಂದೂವರೆ ಬಂದಿದೆ. ‘ಸದಾ ಹಾಕಿಕೊಂಡರೆ ಕಣ್ಣಿಗೆ ಅದೇ ಅಭ್ಯಾಸವಾಗಿ ನಂಬರ್ ಏರುತ್ತೆ, ಬೋರ್ಡ್ ನೋಡುವಾಗ ಮಾತ್ರ ಹಾಕಿಸು’ ಅಂತಾರೆ ನಮ್ಮತ್ತೆ. ಸ್ವಲ್ಪ ಕಮ್ಮಿ ನಂಬರಿನ ಕನ್ನಡಕ ಮಾಡಿಸಬಹುದಾ?

ಉತ್ತರ: ನಿಮ್ಮ ಅತ್ತೆ ಕಂಡದ್ದು ಸುಳ್ಳಲ್ಲ. ಕನ್ನಡಕ ಹಾಕುವ ಮಕ್ಕಳಿಗೆ ವರ್ಷ ವರ್ಷ ನಂಬರ್ ಏರುವುದನ್ನು ಎಲ್ಲರೂ ನೋಡಿದ್ದೇವೆ. ಆದರೆ ಅದಕ್ಕೆ ಕಾರಣ ಬೆಳೆಯುತ್ತಿರುವ ಕಣ್ಣುಗುಡ್ಡೆ. ದೊಡ್ಡವರ ಕಣ್ಣು ಮುಂದಿನಿಂದ ಹಿಂದಕ್ಕೆ ಸುಮಾರು 24 ಮಿಲಿಮೀಟರ್ ಉದ್ದ ಇರುತ್ತದೆ. ಕೆಲವು ಮಕ್ಕಳಲ್ಲಿ ಅದು ಬೇಕಾದ್ದಕ್ಕಿಂತ ಉದ್ದಕ್ಕೆ ಬೆಳೆಯುತ್ತದೆ. ಆಗ ದೂರದ ವಸ್ತುವಿನ ಬಿಂಬ ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾದ ಮೇಲೆ ಬೀಳದೆ ಅದಕ್ಕಿಂತ ಮುಂದೆಯೇ ಬೀಳುತ್ತದೆ. ಒಂದೇ ಒಂದು ಮಿಲಿಮೀಟರ್ ಹೆಚ್ಚಾದರೂ ನಂಬರ್ ಎರಡೂವರೆಯಿಂದ ಮೂರರಷ್ಟು ಏರುತ್ತದೆ. ಈ ಬೆಳವಣಿಗೆ ಜೋರಾಗಿರುವುದು ಶಾಲೆಗೆ ಹೋಗುವ ವಯಸ್ಸಿನಲ್ಲಿ. ಮೊದಲ ಕನ್ನಡಕ ಬರುವುದೂ ಆಗಲೇ. ಎರಡೂ ಒಟ್ಟಿಗೆ ಕಂಡಾಗ ಒಂದರಿಂದಲೇ ಇನ್ನೊಂದು ಆಯಿತು ಅನ್ನಿಸುತ್ತದೆ, ಅಷ್ಟೇ.

ಇನ್ನೊಂದು ವಿಷಯವೂ ಈ ನಂಬಿಕೆಗೆ ನೀರೆರೆಯುತ್ತದೆ. ಕನ್ನಡಕ ಹಾಕಿ ನಾಲ್ಕು ದಿನ ಎಲ್ಲವನ್ನೂ ಸ್ಪಷ್ಟವಾಗಿ ನೋಡಿದ ಮಗು ಅದನ್ನು ತೆಗೆದಾಗ ‘ಮೊದಲಿಗಿಂತ ಮಂಜಾಗಿದೆ’ ಅನ್ನುತ್ತದೆ. ಕಣ್ಣು ಹಾಗೇ ಇದೆ. ಮಂಜಾಗಿ ಕಾಣುವುದೇ ಮಾಮೂಲು ಅಂದುಕೊಂಡಿದ್ದ ಮಿದುಳಿಗೆ ಈಗ ವ್ಯತ್ಯಾಸ ಗೊತ್ತಾಗಿದೆ.

ಬೇಕೆಂದೇ ನಂಬರ್ ಕಮ್ಮಿ ಮಾಡಿ ಕೊಡುವುದನ್ನು ವೈದ್ಯರೂ ಪ್ರಯೋಗ ಮಾಡಿ ನೋಡಿದ್ದಾರೆ. ಮಲೇಷ್ಯಾದ ಮಕ್ಕಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಮ್ಮಿ ನಂಬರಿನ ಕನ್ನಡಕ ಹಾಕಿದವರಿಗೇ ನಂಬರ್ ಜಾಸ್ತಿ ಏರಿತ್ತು. ಆಮೇಲಿನ ಅಧ್ಯಯನಗಳ ಫಲಿತಾಂಶ ಒಂದೇ ತೆರನಾಗಿಲ್ಲ, ನಿಜ. ಆದರೂ ಮಗು ಮಂಜುಗಣ್ಣಲ್ಲೇ ಪಾಠ ಕೇಳಲಿ ಅನ್ನುವುದಕ್ಕೆ ಕಾರಣವೇ ಇಲ್ಲ. ಪೂರ್ತಿ ನಂಬರ್ ಹಾಕಿಸಿ. ದಿನವಿಡೀ ಹಾಕಿಕೊಳ್ಳಲಿ.

ನಿಜವಾಗಿ ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಏರುವ ವೇಗವನ್ನು ತಗ್ಗಿಸಬಹುದೇ? ಬಹುಮಟ್ಟಿಗೆ ತಗ್ಗಿಸಬಹುದು. ತೀರ ಕಡಿಮೆ ಪ್ರಮಾಣದ ಅಟ್ರೋಪಿನ್ ಡ್ರಾಪ್ಸ್ ಇದೆ. ಇದಕ್ಕಾಗಿಯೇ ತಯಾರಿಸಿದ ವಿಶೇಷ ಲೆನ್ಸುಗಳಿವೆ. ಯಾವುದು ನಿಮ್ಮ ಮಗಳಿಗೆ ಹೊಂದುತ್ತದೆ ಎಂದು ಕಣ್ಣಿನ ವೈದ್ಯರನ್ನು ಕೇಳಿ. ಬಯಲಿನ ಬೆಳಕೂ ಮುಖ್ಯ. ಚೀನಾದ ಗುವಾಂಗ್‌ಝೌ ನಗರದ ಶಾಲೆಗಳಲ್ಲಿ ಒಂದನೇ ತರಗತಿ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಿಗೆ ಹೊರಗೆ ಬಿಟ್ಟರು. 3 ವರ್ಷದ ನಂತರ ಅವರಲ್ಲಿ ನೂರಕ್ಕೆ ಸುಮಾರು 30 ಮಕ್ಕಳಿಗೆ ಮೈನಸ್ ನಂಬರ್ ಬಂದಿತ್ತು. ಹೊರಗೆ ಬಿಡದ ಶಾಲೆಗಳಲ್ಲಿ ಅದು ನೂರಕ್ಕೆ 40ರ ಹತ್ತಿರ. ಈ ಫಲಿತಾಂಶ ಪ್ರಕಟವಾದದ್ದು 2015ರಲ್ಲಿ. ಈಗಾಗಲೇ ನಂಬರ್ ಬಂದವರಿಗೆ ಇದರಿಂದ ಅಷ್ಟು ದೊಡ್ಡ ಲಾಭವಿಲ್ಲ. ಮನೆಯಲ್ಲಿ ತಮ್ಮನೋ ತಂಗಿಯೋ ಇದ್ದರೆ ಅವರನ್ನಂತೂ ಆಟಕ್ಕೆ ಬಿಡಿ. ಅಕ್ಕನೂ ಜೊತೆಗೆ ಹೋಗಲಿ, ನಷ್ಟವೇನೂ ಇಲ್ಲ, ಅಲ್ವಾ?

ಪ್ರಶ್ನೆ: ಕಣ್ಣಿನ ವ್ಯಾಯಾಮದಿಂದ ಕನ್ನಡಕ ಬಿಡಬಹುದು ಎಂದು ವಿಡಿಯೊಗಳಲ್ಲಿ ತೋರಿಸುತ್ತಾರೆ. ನಿಜವೇ?

ಉತ್ತರ: ಇದು ಹೊಸದೇನಲ್ಲ. ವಿಲಿಯಂ ಬೇಟ್ಸ್ ಎಂಬ ಅಮೆರಿಕದ ವೈದ್ಯ ನೂರು ವರ್ಷದ ಹಿಂದೆಯೇ ಇದನ್ನು ಸಾರಿದ್ದ. ಕಣ್ಣಿನ ಹೊರಗಿನ ಸ್ನಾಯುಗಳು ಗುಡ್ಡೆಯನ್ನು ಹಿಂಡಿ ಫೋಕಸ್ ಮಾಡುತ್ತವೆ ಎಂಬುದು ಅವನ ವಾದ. ಅಸಲಿಗೆ ಫೋಕಸ್ ಮಾಡುವುದು ಒಳಗಿನ ಲೆನ್ಸ್. ಉದ್ದಕ್ಕೆ ಬೆಳೆದ ಕಣ್ಣುಗುಡ್ಡೆಯನ್ನು ಯಾವ ವ್ಯಾಯಾಮವೂ ಗಿಡ್ಡ ಮಾಡುವುದಿಲ್ಲ. 40ರ ಆಸುಪಾಸಿನಲ್ಲಿ ಬರುವ ಚಾಳೀಸು ಲೆನ್ಸ್ ಗಡುಸಾಗುವುದರಿಂದ ಬರುವಂಥದ್ದು. ಅದೂ ವ್ಯಾಯಾಮಕ್ಕೆ ಬಗ್ಗುವುದಿಲ್ಲ. ಹತ್ತಿರದ್ದನ್ನು ನೋಡಲು ಎರಡೂ ಕಣ್ಣು ಸರಿಯಾಗಿ ಒಳಕ್ಕೆ ತಿರುಗದಿರುವ ತೊಂದರೆಗೆ ಮಾತ್ರ ನಾವೇ ವ್ಯಾಯಾಮ ಬರೆದುಕೊಡುತ್ತೇವೆ. ಅದು ಬೇರೆ ಸಮಸ್ಯೆ.

ಪ್ರಶ್ನೆ: ಮಂದ ಬೆಳಕಲ್ಲಿ ಓದಿದರೆ, ಇಡೀ ದಿನ ಕಂಪ್ಯೂಟರ್ ನೋಡಿದರೆ ಕಣ್ಣು ಹಾಳಾಗುತ್ತದೆಯೇ? ನೀಲಿ ಬೆಳಕು ತಡೆಯುವ ಕನ್ನಡಕ ಕೊಳ್ಳಲೇ?

ಉತ್ತರ: ದಣಿಯುತ್ತದೆ, ಹಾಳಾಗುವುದಿಲ್ಲ. ಪರದೆ ನೋಡುತ್ತಾ ಕೂತರೆ ನಾವು ರೆಪ್ಪೆ ಮಿಟುಕಿಸುವುದೇ ಕಮ್ಮಿ. ಕಣ್ಣು ಒಣಗಿ ಉರಿಯುವುದು ಅದಕ್ಕೇ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ಏನನ್ನಾದರೂ 20 ಸೆಕೆಂಡ್ ನೋಡಿ, ನಾಲ್ಕಾರು ಸಲ ರೆಪ್ಪೆ ಪೂರ್ತಿ ಮುಚ್ಚಿ ತೆರೆಯಿರಿ. ನೀಲಿ ಬೆಳಕಿನ ಕನ್ನಡಕದ ಬಗ್ಗೆ 17 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದ 2023ರ ಕಾಕ್ರೇನ್ (ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಅಂತರರಾಷ್ಟ್ರೀಯ ಸಂಸ್ಥೆ) ವಿಮರ್ಶೆಯಲ್ಲಿ ಕಣ್ಣಿನ ದಣಿವು ಕಡಿಮೆಯಾದ ಸೂಚನೆ ಸಿಗಲಿಲ್ಲ. ಸುಮ್ನೆ ದುಡ್ಡು ದಂಡ.

ಪ್ರಶ್ನೆ: ಕ್ಯಾರೆಟ್ ತಿಂದರೆ ದೃಷ್ಟಿ ಚುರುಕಾಗುತ್ತಂತೆ?

ಉತ್ತರ: ವಿಟಮಿನ್ ಎ ಕೊರತೆ ಇದ್ದವರಿಗೆ ಇರುಳುಗುರುಡು ಬರುತ್ತದೆ. ಅಂಥವರಿಗೆ ಕ್ಯಾರೆಟ್ ಒಳ್ಳೆಯದು. ಕೊರತೆ ಇಲ್ಲದವರು ಕಿಲೋಗಟ್ಟಲೆ ತಿಂದರೆ ಚರ್ಮ ಹಳದಿಯಾದೀತೇ ಹೊರತು ನಂಬರ್ ಇಳಿಯದು. ಈ ಮಾತಿಗೆ ರೆಕ್ಕೆಪುಕ್ಕ ಬಂದದ್ದು ಎರಡನೇ ಮಹಾಯುದ್ಧದಲ್ಲಿ. ಕತ್ತಲಲ್ಲಿ ಶತ್ರು ವಿಮಾನ ಹೊಡೆದುರುಳಿಸುತ್ತಿದ್ದ ಜಾನ್ ಕನ್ನಿಂಗ್‌ಹ್ಯಾಮ್‌ನಂಥ ಪೈಲಟ್‌ಗಳ ಗುಟ್ಟು ಕ್ಯಾರೆಟ್ ಎಂದು ಬ್ರಿಟನ್ ಪ್ರಚಾರ ಮಾಡಿತು. ಅಸಲಿ ಗುಟ್ಟು ವಿಮಾನದೊಳಗಿದ್ದ ರೇಡಾರ್!

ಪ್ರಶ್ನೆ: ಅಪ್ಪನಿಗೆ 68. ಪೊರೆ ಬಂದಿದೆ ಎಂದಿದ್ದರು. ಈಗ ನೋಡಿದರೆ ಕನ್ನಡಕವಿಲ್ಲದೆ ಪೇಪರ್ ಓದುತ್ತಿದ್ದಾರೆ! ‘ಕಣ್ಣು ತಾನೇ ಸರಿಹೋಯ್ತು, ಆಪರೇಷನ್ ಬೇಕಿದ್ದರೂ ಪೊರೆ ಬಲಿಯಲಿ’ ಅನ್ನುತ್ತಾರೆ.

ಉತ್ತರ: ಅಪ್ಪನ ಖುಷಿ ಕೆಡಿಸಲು ಬೇಸರವಾಗುತ್ತದೆ. ಆದರೆ ಇದು ಪೊರೆ ಹೆಚ್ಚುತ್ತಿರುವುದರ ಗುರುತಾಗಿರಬಹುದು. ಪೊರೆ ಕಣ್ಣಿನ ಮೇಲೆ ಬೆಳೆಯುವ ಪದರವಲ್ಲ. ಮೊಟ್ಟೆಯ ಬಿಳಿ ಲೋಳೆ ಬೇಯುವಾಗ ಬೆಳ್ಳಗಾಗುವ ಹಾಗೆ ಒಳಗಿನ ಲೆನ್ಸೇ ಮಬ್ಬಾಗುವುದು. ನಡುಭಾಗ ಗಟ್ಟಿಯಾಗುತ್ತಾ ಬಂದರೆ ಲೆನ್ಸಿನ ಶಕ್ತಿ ಹೆಚ್ಚಿ ಕಣ್ಣು ಮೈನಸ್ ಕಡೆಗೆ ಹೋಗುತ್ತದೆ. ಆಗ ಹತ್ತಿರದ್ದು ಕಾಣುತ್ತದೆ, ದೂರದ್ದು ಕೆಡುತ್ತದೆ. ರಸ್ತೆಯಾಚೆಯ ಬೋರ್ಡ್ ಓದಲು ಹೇಳಿ ನೋಡಿ. ಸ್ವಲ್ಪ ಕಾಲದ ನಂತರ ಪೇಪರೂ ಮಬ್ಬಾಗುತ್ತದೆ.

ಬಲಿಯಲಿ ಎಂದು ಕಾಯುವುದು ಹಳೆಯ ಆಪರೇಷನ್ ಕಾಲದ ಮಾತು. 1967ರಲ್ಲಿ ಚಾರ್ಲ್ಸ್ ಕೆಲ್ಮನ್ ಶಬ್ದಾತೀತ ತರಂಗಗಳಿಂದ ಲೆನ್ಸನ್ನು ಪುಡಿ ಮಾಡಿ ಹೀರಿ ತೆಗೆಯುವ ವಿಧಾನ ತಂದರು. ಅದರಲ್ಲಿ ಪೊರೆ ಬಲಿತಷ್ಟೂ ಪುಡಿ ಮಾಡುವುದು ಕಷ್ಟ. ತೀರ ಬಲಿತರೆ ಕಣ್ಣಿನ ಒತ್ತಡವೂ ಏರಬಹುದು. ಹಾಗಂತ ಪೊರೆ ಕಂಡ ದಿನವೇ ಓಡಬೇಕಿಲ್ಲ. ದಿನದ ಕೆಲಸಕ್ಕೆ ಅಡ್ಡಿಯಾದಾಗ ಮಾಡಿಸಿದರೆ ಸಾಕು. ಪೊರೆ ಕರಗಿಸುತ್ತೇವೆ ಎಂದು ಯಾರಾದರೂ ಡ್ರಾಪ್ಸ್ ಮಾರಿದರೆ ಕೊಳ್ಳಬೇಡಿ.

ಪ್ರಶ್ನೆ: ಓದುವ ಕನ್ನಡಕ ಬಿಟ್ಟರೆ ನನಗೆ ಯಾವ ತೊಂದರೆಯೂ ಇಲ್ಲ. ದೃಷ್ಟಿ 6/6. ಮತ್ತೆ ಯಾಕೆ ಪರೀಕ್ಷೆ?

ಉತ್ತರ: 6/6 ಅಂದರೆ 6 ಮೀಟರ್ ದೂರದ ಅಕ್ಷರ ಕಾಣುತ್ತದೆ ಎಂದಷ್ಟೇ. ಕಣ್ಣಿನ ನರವನ್ನು ಹಾಳುಮಾಡುವ ಗ್ಲಾಕೋಮಾ ಎಂಬ ಕಾಯಿಲೆ ಸಾಮಾನ್ಯವಾಗಿ ಮೊದಲು ತಿನ್ನುವುದು ಅಂಚಿನ ನೋಟವನ್ನು. ಹೆಚ್ಚಿನವರಿಗೆ ನೋವೂ ಇರುವುದಿಲ್ಲ, ಕೆಂಪೂ ಆಗುವುದಿಲ್ಲ. ಹೋದ ನರ ಮತ್ತೆ ಬರುವುದಿಲ್ಲ. 40 ದಾಟಿದವರು ಕಣ್ಣಿನ ಒತ್ತಡ ಮತ್ತು ನರ ಎರಡನ್ನೂ ತೋರಿಸಿಕೊಳ್ಳಿ. ಅಪ್ಪ, ಅಮ್ಮ, ಒಡಹುಟ್ಟಿದವರಿಗೆ ಗ್ಲಾಕೋಮಾ ಇದ್ದರೆ ಅದಕ್ಕೂ ಮೊದಲೇ. ಕಣ್ಣು ಕೆಂಪಾದಾಗಲೆಲ್ಲ ಮನೆಯಲ್ಲಿ ಉಳಿದ ಹಳೆಯ ಡ್ರಾಪ್ಸ್ ಹಾಕುವವರಿಗೂ ಒಂದು ಮಾತು: ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಒತ್ತಡ ಸದ್ದಿಲ್ಲದೆ ಏರಬಹುದು.

ಪ್ರಶ್ನೆ: ಮಗನಿಗೆ 3 ವರ್ಷ, ಒಂದು ಕಣ್ಣು ಮೆಳ್ಳೆ. ದೊಡ್ಡವನಾದ ಮೇಲೆ ತಾನೇ ಸರಿಹೋಗುತ್ತೆ ಅಂತಾರೆ.

ಉತ್ತರ: ಕಾಯಬೇಡಿ. ಹುಟ್ಟಿದ ಮೊದಲ ಕೆಲವು ತಿಂಗಳು ಕಣ್ಣು ಆಗಾಗ ಅತ್ತಿತ್ತ ಹೋಗುವುದುಂಟು. 3 ವರ್ಷಕ್ಕೆ ಆ ಮಾತು ಹೊಂದುವುದಿಲ್ಲ. ಮೆಳ್ಳೆಯಾದ ಕಣ್ಣಿನ ಚಿತ್ರವನ್ನು ಮಿದುಳು ಬದಿಗಿಡುತ್ತಾ ಹೋದರೆ ಆ ಕಣ್ಣು ನೋಡಲು ಕಲಿಯುವುದೇ ಇಲ್ಲ. ಅದನ್ನೇ ಸೋಮಾರಿ ಕಣ್ಣು ಅನ್ನುವುದು. ಕನ್ನಡಕ ಹಾಕಿಸಿ, ಒಳ್ಳೆಯ ಕಣ್ಣಿಗೆ ದಿನಕ್ಕಿಷ್ಟು ಹೊತ್ತು ಪಟ್ಟಿ ಕಟ್ಟಿ ಸೋಮಾರಿ ಕಣ್ಣಿಗೆ ಕೆಲಸ ಕಲಿಸಬಹುದು. 7 ವರ್ಷದೊಳಗೆ ಈ ಚಿಕಿತ್ಸೆಗೆ ಫಲ ಹೆಚ್ಚು. ಈ ವಾರವೇ ಮಕ್ಕಳ ಕಣ್ಣಿನ ವೈದ್ಯರಿಗೆ ತೋರಿಸಿ. ಹೋಗುವ ಮೊದಲು ಮಗನ ಹಳೆಯ ಫ್ಲ್ಯಾಶ್ ಫೋಟೊಗಳನ್ನೊಮ್ಮೆ ನೋಡಿ. ಒಂದು ಕಣ್ಣಿನ ಪಾಪೆ ಕೆಂಪಾಗಿ, ಇನ್ನೊಂದರದ್ದು ಬೆಳ್ಳಗೆ ಕಂಡರೆ ವಾರವೂ ಕಾಯದೆ ಅಂದೇ ಹೋಗಿ. ಅದು ರೆಟಿನಾದ ಗೆಡ್ಡೆಯ ಸೂಚನೆ ಆಗಿರಬಹುದು.