ತಂತಿಗಳಿಗೆ ಅಪ್ಪ ಹೆದರುವುದು ಬೇಡ

ನಿದ್ದೆಯಲ್ಲಿ ಉಸಿರು ನಿಲ್ಲುತ್ತದೆಯೇ ಎಂದು ರಾತ್ರಿ ಮಲಗಿಸಿ ನೋಡುವ ನಿದ್ದೆ ಪರೀಕ್ಷೆಗೆ (ಸ್ಲೀಪ್ ಸ್ಟಡಿ) ತಲೆ ತುಂಬ ತಂತಿ ಅಂಟಿಸಿದರೆ ಅಪ್ಪನಿಗೆ ನಿದ್ದೆ ಬರುತ್ತದೆಯೇ, ಕರೆಂಟು ಹೊಡೆಯುವುದಿಲ್ಲವೇ ಎಂದು ಕೇಳಿದ್ದೀರಿ. ಬಾಗಲಕೋಟೆಯಿಂದ ಬೆಳಗಾವಿಗೆ ಹೋಗಿ ನಾನೂ ಅದೇ ಅವತಾರದಲ್ಲಿ ಒಂದು ರಾತ್ರಿ ಕಳೆದಿದ್ದೇನೆ. ಆ ತಂತಿಗಳು ಮೈಯೊಳಗೆ ಏನನ್ನೂ ಹರಿಸುವುದಿಲ್ಲ; ಮಿದುಳು, ಕಣ್ಣು, ಗದ್ದ, ಕಾಲು, ಹೃದಯದ ಸಂಕೇತಗಳನ್ನು ದಾಖಲಿಸುತ್ತವೆ, ಅಷ್ಟೆ. ಜೊತೆಗೆ ಎದೆಗೂ ಹೊಟ್ಟೆಗೂ ಪಟ್ಟಿ, ಮೂಗಿನ ಬಳಿ ಸಣ್ಣ ನಳಿಕೆ, ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್. ಮನೆಯಷ್ಟು ಚೆನ್ನಾಗಿ ನಿದ್ದೆ ಬರುವುದಿಲ್ಲ, ನಿಜ. ಆದರೆ ಕೆಲವು ಗಂಟೆ ಬಂದರೂ ಸಾಮಾನ್ಯವಾಗಿ ಸಾಕಾಗುತ್ತದೆ.

ಉಸಿರು 10 ಸೆಕೆಂಡು ಅಥವಾ ಹೆಚ್ಚು ಹೊತ್ತು ನಿಂತದ್ದು, ಕುಗ್ಗಿದ್ದು ಗಂಟೆಗೆ ಎಷ್ಟು ಸಲ ಎಂಬುದೇ ಮುಖ್ಯ ಲೆಕ್ಕ. 5ಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯ, 30 ಮುಟ್ಟಿದರೆ ತೀವ್ರ. ನನ್ನದು 41. ಗೊರಕೆಯೆಂದರೆ ಗಾಢ ನಿದ್ದೆ ಎನ್ನುತ್ತಿದ್ದ ನಮ್ಮ ದೊಡ್ಡಪ್ಪ ಆಮೇಲೆ ಆ ಮಾತೆತ್ತಲಿಲ್ಲ! ತೀವ್ರವೆಂದು ಕಂಡರೆ ಕೆಲವೆಡೆ ಅದೇ ರಾತ್ರಿಯ ಉಳಿದರ್ಧದಲ್ಲಿ ಗಾಳಿ ಒತ್ತಿ ಉಸಿರುದಾರಿಯನ್ನು ತೆರೆದಿಡುವ ಸಿಪ್ಯಾಪ್ ಯಂತ್ರದ ಮುಖವಾಡ ಹಾಕಿ, ಒತ್ತಡ ಎಷ್ಟು ಬೇಕೆಂದು ಹೊಂದಿಸಿ ನೋಡುತ್ತಾರೆ.

ಪರೀಕ್ಷೆಯ ದಿನ ತಲೆಗೆ ಎಣ್ಣೆ ಹಚ್ಚಬೇಡಿ, ತಂತಿ ಸರಿಯಾಗಿ ಅಂಟುವುದಿಲ್ಲ. ಮಧ್ಯಾಹ್ನದ ನಂತರ ಚಹಾ ಬೇಡ; ತಂತಿಗಿಂತ ಇದಕ್ಕೇ ಅಪ್ಪ ಹೆಚ್ಚು ಜಗಳ ತೆಗೆಯಬಹುದು. ಬಿಪಿ ಮಾತ್ರೆಯನ್ನು ಮಾತ್ರ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.