ಹಳೇ ರೈಲು ದಾರಿಯನ್ನು ನಡಿಗೆ, ಸೈಕಲ್ ಹಾದಿ ಮಾಡುತ್ತಿದ್ದೇವೆ. ಇರುವ ದುಡ್ಡಲ್ಲಿ ಮೊದಲ ಕಿಲೋಮೀಟರಿಗೆ ಡಾಂಬರು ಹಾಕೋದಾ, ಜಲ್ಲಿಪುಡಿ ಹಾಕೋದಾ?

ಡಾಂಬರಾ, ಪುಡಿಯಾ ಅಂತ ನಾವೂ ಮೂರು ಸಭೆ ಮಾಡಿದ್ದೆವು. ಮೂರರಲ್ಲೂ ನೀರಿನ ಮಾತು ಒಬ್ಬರೂ ಎತ್ತಲಿಲ್ಲ.

ನಮ್ಮದೂ ಸಂಬಳವಿಲ್ಲದ ಗುಂಪೇ. ಹಳಿ ಕಿತ್ತು ಎಷ್ಟೋ ವರ್ಷವಾಗಿದ್ದ ದಾರಿ, ಆಳೆತ್ತರದ ಮುಳ್ಳುಪೊದೆ. ಪೊದೆ ಕಡಿಯೋಕೆ ಜನ ಖುಷಿಯಿಂದ ಬರುತ್ತಾರೆ, ಸಂಜೆ ಹೊತ್ತಿಗೆ ಮಾಡಿದ ಕೆಲಸ ಕಣ್ಣಿಗೆ ಕಾಣುತ್ತೆ ನೋಡಿ.

ಎಡವಿದ್ದು ಅಲ್ಲೇ. ಕಡಿದ ಸೊಪ್ಪು, ಕೆರೆದ ಮಣ್ಣು ಎಲ್ಲಿ ಹಾಕೋದು? ದಾರಿ ಪಕ್ಕದಲ್ಲೇ ಉದ್ದಕ್ಕೂ ಒಂದು ತಗ್ಗು ಇತ್ತು. ಸುಮ್ನೆ ಬಿದ್ದಿರೋ ಗುಂಡಿ ಅಂದುಕೊಂಡು ಅದಕ್ಕೇ ತುಂಬಿದೆವು. ಅದು ರೈಲಿನವರು ತೋಡಿದ್ದ ಚರಂಡಿ! ರೈಲಿಗೆ ಕಡಿದಾದ ಏರು ಹತ್ತೋಕಾಗಲ್ಲ. ನೂರು ಮೀಟರಿಗೆ ಎರಡು ಮೀಟರ್ ಏರಿದರೆ ಅದೇ ಜಾಸ್ತಿ. ಅದಕ್ಕೇ ಗುಡ್ಡ ಬಂದಲ್ಲಿ ಕಡಿದು, ತಗ್ಗು ಬಂದಲ್ಲಿ ಮಣ್ಣು ಏರಿಸಿ ದಾರಿ ಮಾಡಿರುತ್ತಾರೆ. ಗುಡ್ಡ ಕಡಿದ ಜಾಗಕ್ಕೆ ಎರಡೂ ಕಡೆಯಿಂದ ನೀರು ಇಳಿಯುತ್ತೆ, ದಾರಿ ಮಟ್ಟವಾಗಿರೋದ್ರಿಂದ ಬೇಗ ಹರಿದು ಹೋಗಲ್ಲ. ಬದಿಯ ಚರಂಡಿಯೇ ಅದನ್ನು ಮೋರಿಗೆ, ಅಂದರೆ ದಾರಿಯ ಅಡಿಯಿಂದ ನೀರು ದಾಟಿಸುವ ಕಿಂಡಿಗೆ, ಮುಟ್ಟಿಸಬೇಕು. ನಾವು ಚರಂಡಿ ಮುಚ್ಚಿದ್ದಷ್ಟೇ ಅಲ್ಲ, ಮೋರಿಯ ಬಾಯಿ ಎಲ್ಲಿದೆ ಅಂತಲೂ ಹುಡುಕಲಿಲ್ಲ. ಅದರ ಮೇಲೇ ನಿಂತು ಫೋಟೋ ತೆಗೆಸಿಕೊಂಡಿದ್ದೆವು.

ಜಲ್ಲಿಪುಡಿ ಹಾಸಿ ರೋಲರ್ ಹೊಡೆಸಿದೆವು. ಮೊದಲ ಜೋರು ಮಳೆ ರಾತ್ರಿ ಬಂತು. ಬೆಳಿಗ್ಗೆ ಹೋಗಿ ನೋಡಿದರೆ ದಾರಿ ನಡುವೆ ಮೊಣಕಾಲಾಳದ ಕೊರಕಲು, ಪುಡಿಯೆಲ್ಲ ಕೆಳಗಿನ ಹೊಲದಲ್ಲಿ. ಹೊಲದವರು ಬೈದದ್ದು ನ್ಯಾಯವೇ. ದೇಣಿಗೆ ಕೊಟ್ಟವರಿಗೆ ಲೆಕ್ಕ ಒಪ್ಪಿಸಬೇಕಿದ್ದ ಖಜಾಂಚಿ ನಾನೇ, ಅದು ಬೇರೆ ಕಥೆ. ನಾವೇ ತುಂಬಿದ್ದ ಮಣ್ಣನ್ನು ನಾವೇ ಬಾಂಡ್ಲಿಯಲ್ಲಿ ಹೊತ್ತು ತೆಗೆದೆವು. ಪೊದೆ ಕಡಿಯೋಕೆ ಮೂವತ್ತು ಜನ ಬಂದಿದ್ದರು, ಚರಂಡಿ ಬಗೆಯೋಕೆ ಆರು.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ಸದ್ಯಕ್ಕೆ ಬಿಡಿ. ಮಳೆ ಸುರಿಯುವಾಗ ಕೊಡೆ ಹಿಡಿದು ದಾರಿ ಪೂರ್ತಿ ನಡೆಯಿರಿ. ನೀರು ಎಲ್ಲಿ ನಿಲ್ಲುತ್ತೋ ಅಲ್ಲಿ ಗೂಟ ಹೊಡೆಯಿರಿ. ಮೋರಿಗಳನ್ನು ಹುಡುಕಿ, ಹೂಳು ತೆಗೆಯಿರಿ. ಇರುವ ದುಡ್ಡೆಲ್ಲ ಅದಕ್ಕೇ ಹೋದರೂ ಹೋಗಲಿ. ಆಮೇಲೆ ನನ್ನ ಕೇಳಿದರೆ ಪುಡಿಯೇ ಸಾಕು, ನಡು ಸ್ವಲ್ಪ ಉಬ್ಬಿರಲಿ ಅಷ್ಟೇ. ಕೊಚ್ಚಿಹೋದರೂ ಗುದ್ದಲಿ ಹಿಡಿದವರು ಯಾರಾದರೂ ಸರಿಮಾಡಬಹುದು, ಡಾಂಬರಿಗೆ ಅದು ಆಗಲ್ಲ. ಯಾರಾದರೂ ಮೂಗು ಮುರಿದರೆ ಅಮೆರಿಕದ ವಿಸ್ಕಾನ್ಸಿನ್‌ನ ಎಲ್ರಾಯ್-ಸ್ಪಾರ್ಟಾ ಹಾದಿ ತೋರಿಸಿ. ಅದೂ ಹಳೇ ರೈಲು ದಾರಿಯೇ, ಹಾದಿಯಾಗಿದ್ದು 1960ರ ದಶಕದಲ್ಲಿ, ಸುಮಾರು 50 ಕಿಲೋಮೀಟರ್, ಮೂರು ಸುರಂಗ. ಜನ ಸೈಕಲ್ ತುಳಿಯೋದು ಸುಣ್ಣಕಲ್ಲಿನ ಪುಡಿ ಮೇಲೇ.

ಹಳಿ ಕೆಳಗೆ ಹಾಸಿದ್ದ ಹಳೇ ಮರದ ಸ್ಲೀಪರ್ ಸಿಕ್ಕಿದರೆ ಬೆಂಚು ಮಾಡಬೇಡಿ, ಸುಡಲೂ ಬೇಡಿ. ಎಷ್ಟೋ ಸ್ಲೀಪರ್‌ಗೆ ಮರ ಕೊಳೆಯದಿರಲಿ ಅಂತ ಕ್ರಿಯೋಸೋಟ್ ಅನ್ನೋ ಟಾರೆಣ್ಣೆ ಕುಡಿಸಿರುತ್ತಾರೆ, ವಿಷ ಅದು. ಅಂದಹಾಗೆ, ಹಳಿ ಹೋದಮೇಲೆ ಆ ಜಾಗ ಯಾರ ಹೆಸರಲ್ಲಿದೆ ಅಂತ ಕಾಗದ ನೋಡಿದ್ದೀರಿ ಅಲ್ವಾ? ಇಲ್ಲದಿದ್ದರೆ ಮೋರಿಗೂ ಈಗಲೇ ಕೈ ಹಾಕಬೇಡಿ.